ಹ್ಯಾಂಡ್‌ಸೆಟ್ಟಿನ ಆಯಸ್ಸು

ಚಿಕ್ಕಮಗಳೂರು ಜಿಲ್ಲೆ ಅಂದರೆ ಕಾಫಿ, ಮಳೆ, ಗಿರಿ ಎಂದುಕೊಂಡವರಿಗೆ ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿ ಬೇರೆಯೇ ಜಿಲ್ಲೆಯ ಹಾಗೆ ಕಾಣುತ್ತದೆ. ತೆಂಗು, ರಾಗಿ, ಬೋರ್‌ವೆಲ್ಲು, ಬೇಸಿಗೆಯ ಧೂಳು. ಈ ಮಾತುಕತೆ ಅಲ್ಲಿಯದು. ಹಿರಿಯರು ಪೊಲೀಸ್ ವೈರ್‌ಲೆಸ್ಸಿನಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದವರು, ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರವಾನಗಿ ಉಳ್ಳವರು. ಕಿರಿಯನದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಮೊಬೈಲ್ ರಿಪೇರಿ ಅಂಗಡಿ. ಹ್ಯಾಮ್ ಪರೀಕ್ಷೆಗೆ ಓದುತ್ತಿದ್ದಾನೆ. ಪರವಾನಗಿ ಬಂದ ಮೇಲೆ ಯಾವ ಸೆಟ್ ಕೊಳ್ಳಬೇಕು ಎಂಬಲ್ಲಿ ಇಬ್ಬರಿಗೂ ಹೊಂದುವುದಿಲ್ಲ.

ಕಿರಿಯ: ಮಾವ, ನಿಮ್ಮ ಜಪಾನಿ ಸೆಟ್ಟಿನ ದುಡ್ಡಿಗೆ ಚೀನಾದ್ದು ನಾಲ್ಕೈದು ಬರ್ತವೆ. ಬಾವೊಫೆಂಗ್ ಯುವಿ-5ಆರ್ ನೋಡಿ. ವಿಎಚ್‌ಎಫ್ ಇದೆ, ಯುಎಚ್‌ಎಫ್ ಇದೆ, ನಾಲ್ಕೈದು ವಾಟ್ ಪವರ್ ಇದೆ, 128 ಚಾನಲ್ ಇದಾವೆ. ಒಂದು ಬಿದ್ದು ಒಡೆದ್ರೆ ಇನ್ನೊಂದು ತಗೊಂಡ್ರಾಯ್ತು.

ಹಿರಿಯ: ಒಡೆದ ದಿನ ಕೊರಿಯರ್ ಬರೋಕೆ ದಾರಿ ಇದ್ರೆ ತಗೋಬಹುದು ಕಣಪ್ಪ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದಾಗ ಊರಿಗೆ ಊರೇ ಸಂಪರ್ಕ ಕಳ್ಕೊಂಡ್ವು. ನಮ್ಮ ಜಿಲ್ಲೇದೇ ಮಾತು. ರೇಡಿಯೊ ನಿಜವಾಗಿ ಬೇಕಾಗೋದು ಅಂಥ ದಿನ. ಅವತ್ತು ಕೈಯಲ್ಲಿ ಯಾವುದಿದೆಯೋ ಅದೇ ಸೆಟ್ಟು.

ಕಿರಿಯ: ಅದಕ್ಕೇ ನಾಲ್ಕು ಇರಬೇಕು ಅನ್ನೋದು. ನಿಮ್ಮದು ಒಂದೇ. ಅದು ಬಾವಿಗೆ ಬಿತ್ತು ಅಂದ್ರೆ ಕತೆ ಮುಗೀತು. ನನ್ನವು ಒಂದು ಹೋದ್ರೂ ಮೂರು ಉಳೀತವೆ, ಆ ಮೂರನ್ನ ಮೂರು ಜನರ ಕೈಗೆ ಕೊಡಬಹುದು.

ಹಿರಿಯ: ಪರವಾನಗಿ ಇರೋ ಮೂರು ಜನರ ಕೈಗೆ ಅನ್ನು. ಲೆಕ್ಕ ಒಪ್ಪಿದೆ. ಆದರೆ ನಾಲ್ಕಕ್ಕೂ ಒಂದೇ ರೋಗ ಇದ್ರೆ ನಾಲ್ಕೂ ಒಂದೇ ದಿನ ಮಲಗ್ತವೆ. ಆ ಸೆಟ್ಟಿನಲ್ಲಿ ಹೆಚ್ಚುಕಮ್ಮಿ ಇಡೀ ರಿಸೀವರ್ ಒಂದೇ ಚಿಪ್ಪಿನೊಳಗಿದೆ. ಆಂಟೆನಾದಿಂದ ಬರೋದನ್ನ ಸೋಸಿ ಒಳಗೆ ಬಿಡೋ ಫಿಲ್ಟರ್ ತೀರಾ ದುರ್ಬಲ. ಪಕ್ಕದಲ್ಲೇ ಜೋರಾದ ಟ್ರಾನ್ಸ್‌ಮಿಟರ್ ಇದ್ರೆ ದೂರದ ಸಣ್ಣ ದನಿ ಅದಕ್ಕೆ ಕೇಳಲ್ಲ. ಬಿದ್ದು ಒಡೆದ್ರೆ ಕಣ್ಣಿಗೆ ಕಾಣುತ್ತೆ. ಕಿವುಡಾದದ್ದು ಕಾಣಲ್ಲ. ಎದುರಿಗಿರೋನು ಕರೀತಿಲ್ಲ ಅಂದ್ಕೊಂಡು ನಾವು ಸುಮ್ಮನೆ ಕೂತಿರ್ತೀವಿ.

ಕಿರಿಯ: ಅದು ಪೇಟೆಯ ಕಷ್ಟ ಮಾವ. ಬೆಂಗಳೂರಲ್ಲಿ ಟವರು ಟವರಿಗೂ ಟ್ರಾನ್ಸ್‌ಮಿಟರ್ ಇದ್ದಾವೆ. ಇಲ್ಲಿ ತೋಟದ ನಡುವೆ ಅದನ್ನ ಕಿವುಡು ಮಾಡೋರು ಯಾರಿದಾರೆ? ಬಯಲಲ್ಲಿ ಅದರ ಕಿವಿ ಚೆನ್ನಾಗೇ ಇದೆ.

ಹಿರಿಯ: ಆ ಮಾತು ಸರಿ. ಇಲ್ಲಿಯ ಮಟ್ಟಿಗೆ ಒಪ್ಪಿದೆ.

ಕಿರಿಯ: ಗಟ್ಟಿತನಕ್ಕೆ ಬೇಕಾದ್ರೆ ಮಿಲಿಟರಿ ಸ್ಟ್ಯಾಂಡರ್ಡ್ ಅಂತ ಬರೆದಿರೋವು ಈಗ ಕಡಿಮೆ ಬೆಲೆಗೂ ಸಿಗ್ತವೆ.

ಹಿರಿಯ: ಡಬ್ಬದ ಮೇಲೆ ಬರೆದಿರೋ ಆ ಮಿಲಿಟರಿ ಸ್ಟ್ಯಾಂಡರ್ಡ್ 810ರ ಒಳಗೇನಿದೆ ಗೊತ್ತಾ? ಬೀಳಿಸೋ ಪರೀಕ್ಷೆ ಅಂದ್ರೆ 122 ಸೆಂಟಿಮೀಟರ್ ಎತ್ತರದಿಂದ 26 ಸಲ. ಒಂದು ಪೆಟ್ಟಿಗೆಗೆ ಮುಖ ಆರು, ಅಂಚು ಹನ್ನೆರಡು, ಮೂಲೆ ಎಂಟು. ಒಂದೊಂದರ ಮೇಲೂ ಒಂದೊಂದು ಸಲ ಬೀಳಬೇಕು. ಕಠಿಣ ಪರೀಕ್ಷೆಯೇ. ಆದರೆ ಆ 26 ಬೀಳಾಟವನ್ನ ಐದು ಸೆಟ್ಟುಗಳಿಗೆ ಹಂಚಬಹುದು ಅಂತ ಅದೇ ನಿಯಮದಲ್ಲಿದೆ. ಅಂದ್ರೆ ಒಂದು ಸೆಟ್ಟು ಐದಾರು ಸಲ ಬಿದ್ರೂ ಪಾಸು. ಕಂಪನಿಯೇ ಪರೀಕ್ಷೆ ಮಾಡಿ ಕಂಪನಿಯೇ ಬರ್ಕೋಬಹುದು. ಅದಕ್ಕಿಂತ ಐಪಿ ನಂಬರ್ ನೋಡು. ಐಪಿ67 ಅಂದ್ರೆ ಆರು ಧೂಳಿನದು, ಒಳಗೆ ಒಂದು ಕಣವೂ ಹೋಗಲ್ಲ. ಏಳು ನೀರಿನದು, ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೀಬೇಕು. ರಾಗಿ ಒಕ್ಕಣೆ ನಡೆಯೋ ನಮ್ಮೂರಿಗೆ ಏಳಕ್ಕಿಂತ ಆರು ಮುಖ್ಯ.

ಕಿರಿಯ: ಅಂಗಡಿಯಲ್ಲಿ ನಾನು ನೋಡೋದೂ ಅದೇ. ಮಳೆಗೆ ಸತ್ತ ಫೋನಿಗಿಂತ ಧೂಳಿಗೆ ಕೆಟ್ಟ ಬಟನ್ನು, ಜಾಕು, ಸ್ಪೀಕರ್ರೇ ಹೆಚ್ಚು ಬರ್ತವೆ. ಸೆಟ್ಟಲ್ಲೂ ಮೊದಲು ಸೋಲೋದು ಮಾತಾಡೋಕೆ ಒತ್ತೋ ಪಿಟಿಟಿ ಬಟನ್ನು, ಮೈಕಿನ ಜಾಕು, ಆಂಟೆನಾ ಬುಡ.

ಹಿರಿಯ: ಆಂಟೆನಾ ಬುಡ ಅಂದ್ಯಲ್ಲ, ಅದನ್ನ ಯಾರೂ ಹೇಳಲ್ಲ. ಈ ಸಣ್ಣ ಎಸ್‌ಎಂಎ ಕನೆಕ್ಟರ್‌ಗೆ ಕಂಪನಿಗಳು ಕೊಡೋ ಆಯಸ್ಸು ಸುಮಾರು 500 ಸಲ ಹಾಕಿ ತೆಗೆಯೋದು. ದಿನಾ ಬಿಚ್ಚಿ ಸಿಗಿಸಿದ್ರೆ ಎರಡು ವರ್ಷಕ್ಕೂ ಬರಲ್ಲ. ಅದಕ್ಕೇ ಒಂದು ಬಿಎನ್‌ಸಿ ಅಡಾಪ್ಟರ್ ಹಾಕಿ ಬಿಟ್ಟಿದೀನಿ. ಬಿಚ್ಚೋದು ಹಾಕೋದು ಎಲ್ಲ ಅದರ ಮೇಲೆ. ಸೆಟ್ಟಿನ ಕನೆಕ್ಟರನ್ನ ಮುಟ್ಟೋದೇ ಇಲ್ಲ.

ಕಿರಿಯ: ನೋಡಿ, ಇದು ಸೆಟ್ಟಿನ ಗಟ್ಟಿತನ ಅಲ್ಲ, ನಿಮ್ಮ ಜಾಗ್ರತೆ. ಅದೇ ಜಾಗ್ರತೆ ಕಡಿಮೆ ಬೆಲೆಯ ಸೆಟ್ಟಿಗೂ ಕೊಟ್ರೆ ಅದೂ ಬಾಳುತ್ತೆ. ಪಿಟಿಟಿ ಬಟನ್ ಹೋದ್ರೆ ನಾನೇ ಹಾಕ್ತೀನಿ. ಸಾವಿರಾರು ಜನ ಬಿಚ್ಚಿ ಒಳಗೆ ನೋಡಿರೋ ಸೆಟ್ಟು ಅದು. ಕ್ವಾನ್ಶೆಂಗ್ ಯುವಿ-ಕೆ5 ಅಂತ ಇನ್ನೊಂದು ಬಂದಿದೆ. ಅದರೊಳಗಿನ ಸಾಫ್ಟ್‌ವೇರನ್ನೇ ಹ್ಯಾಮ್‌ಗಳು ತಿದ್ದಿ ಬರೆದು ಎಲ್ಲರಿಗೂ ಹಂಚಿದಾರೆ. ಕಂಪನಿ ಮುಚ್ಚಿದ್ರೂ ಆ ಸೆಟ್ಟನ್ನ ಬದುಕಿಸೋ ಜನ ಇರ್ತಾರೆ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆ ಸುಟ್ಟುಹೋಯ್ತು. ಆ ಚಿಪ್ಪನ್ನ ನಂಬ್ಕೊಂಡಿದ್ದ ದುಬಾರಿ ಹ್ಯಾಮ್ ಸೆಟ್ಟುಗಳಿಗೆ ಪೆಟ್ಟು ಬಿತ್ತು. ಬೆಲೆ ಕೊಟ್ಟ ಮಾತ್ರಕ್ಕೆ ಆಯಸ್ಸು ಬರಲ್ಲ ಮಾವ.

ಹಿರಿಯ: ಬೆಲೆಗೆ ಅಂತ ನಾನೂ ಅಂದಿಲ್ಲ. ಬ್ಯಾಟರಿ ತಗೋ. ನನ್ನ ಯೇಸು ಕಂಪನಿಯ ಎಫ್‌ಟಿ-60 ಸುಮಾರು ಇಪ್ಪತ್ತು ವರ್ಷ ಮಾರಾಟದಲ್ಲಿದ್ದ ಮಾಡೆಲ್ಲು. ಅದಕ್ಕೊಂದು ಖಾಲಿ ಕೇಸು ಸಿಗುತ್ತೆ, ಆರು ಪೆನ್‌ಸೆಲ್ ಹಾಕೋದು. ಪವರ್ ಕಮ್ಮಿ ಮಾಡ್ಕೊಂಡು ಮಾತಾಡಬೇಕು, ನಿಜ. ಆದ್ರೆ ನಾಲ್ಕು ದಿನ ಕರೆಂಟು ಹೋದ್ರೂ ಪಂಚನಹಳ್ಳಿಯ ಯಾವ ದಿನಸಿ ಅಂಗಡೀಲಾದ್ರೂ ನನ್ನ ಬ್ಯಾಟರಿ ಸಿಗುತ್ತೆ. ನಿನ್ನದು ಸಿಗುತ್ತಾ?

ಕಿರಿಯ: ನನ್ನದು 1800 ಎಂಎಎಚ್ ಲಿಥಿಯಂ. ಮಾತಾಡೋವಾಗ ಒಂದೂವರೆ ಆಂಪಿಯರ್ ಎಳೀತದೆ ಅಂದ್ರೂ ಬಿಡದೆ ಒಂದು ಗಂಟೆಯ ಮೇಲೆ ಮಾತಾಡಬಹುದು. ಬಿಡದೆ ಯಾರು ಮಾತಾಡ್ತಾರೆ? ಕೇಳೋದೇ ಹೆಚ್ಚು. ಸೋಲಾರ್ ಪ್ಯಾನಲ್ ಇಟ್ಕೊಂಡ್ರೆ ಬಿಸಿಲಿಗೇನು ನಮ್ಮಲ್ಲಿ ಬರ?

ಹಿರಿಯ: ಬಿಸಿಲೇ ಅದರ ಶತ್ರು. 45 ಡಿಗ್ರಿ ದಾಟಿದ ಮೇಲೆ ಲಿಥಿಯಂ ಸೆಲ್ಲನ್ನ ಚಾರ್ಜ್ ಮಾಡಬಾರದು. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯೊಳಗೆ, ಬಾಗಿಲು ಮುಚ್ಚಿದ ಕಾರಿನೊಳಗೆ ಎಷ್ಟಿರುತ್ತೆ ನೋಡಿದೀಯಾ? ಪ್ಯಾನಲ್ ಬಿಸಿಲಲ್ಲಿರಲಿ, ಬ್ಯಾಟರಿ ನೆರಳಲ್ಲಿರಲಿ. ತಿಂಗಳುಗಟ್ಟಲೆ ಎತ್ತಿಡೋದಾದ್ರೆ ಅರ್ಧ ಚಾರ್ಜಲ್ಲಿ ಇಡು, ಪೂರ್ತಿ ತುಂಬಿಡಬೇಡ. ಇಸ್ರೊ ಬೆಂಗಳೂರಲ್ಲಿ ಹ್ಯಾಮ್‌ಗಳಿಗೋಸ್ಕರ ಮಾಡಿದ ಹ್ಯಾಮ್‌ಸ್ಯಾಟ್ ಗೊತ್ತಲ್ಲ? 2005ರ ಮೇ 5ರಂದು ಪಿಎಸ್‌ಎಲ್‌ವಿಯಲ್ಲಿ ಹೋಯ್ತು, 42.5 ಕಿಲೋ ತೂಕ. ಎರಡು ವರ್ಷ ಅಂತ ಅಂದಾಜಿದ್ದದ್ದು ಒಂಬತ್ತು ವರ್ಷ ಕೆಲಸ ಮಾಡ್ತು. 2014ರ ಜುಲೈನಲ್ಲಿ ನಿಂತಿದ್ದು ಯಾಕೆ? ಲಿಥಿಯಂ ಬ್ಯಾಟರಿ ಹೋಗಿ. ಆಕಾಶದಲ್ಲೂ ಅದೇ, ಇಲ್ಲೂ ಅದೇ.

ಕಿರಿಯ: ಅಂದಾಜಿಗಿಂತ ಏಳು ವರ್ಷ ಹೆಚ್ಚು ಬಾಳ್ತು ಅಂತಲೂ ಅದನ್ನೇ ಹೇಳಬಹುದು.

ಹಿರಿಯ: ಹೇಳಬಹುದು. ಒಳ್ಳೆ ಕೆಲಸ ಮಾಡಿದ್ರು.

ಕಿರಿಯ: ಈಗ ಪ್ರೋಗ್ರಾಮಿಂಗಿಗೆ ಬನ್ನಿ. ಅಲ್ಲಿ ನೀವು ಸೋಲ್ತೀರಿ. ನೀವು ಒಂದೊಂದು ಚಾನಲ್ಲನ್ನೂ ಗುಂಡಿ ಒತ್ತಿ ಒತ್ತಿ ತುಂಬ್ತೀರಿ. ನಾನು ಚಿರ್ಪ್ ಅನ್ನೋ ಉಚಿತ ಸಾಫ್ಟ್‌ವೇರ್ ತೆರೆದು, ಕೇಬಲ್ ಸಿಗಿಸಿ, ಪಟ್ಟಿ ಬರೆದು ಒಂದೇ ಸಲ ಇಳಿಸ್ತೀನಿ. ನಾಲ್ಕು ಸೆಟ್ಟಿಗೂ ಒಂದೇ ಫೈಲು. ಯಾರ ಸೆಟ್ಟಲ್ಲಿ ನೋಡಿದ್ರೂ ಮೂರನೇ ಚಾನಲ್ ಅಂದ್ರೆ ಮೂರನೇ ಚಾನಲ್ಲೇ. ಗಾಬರಿಯ ಹೊತ್ತಲ್ಲಿ ಅದು ಎಷ್ಟು ದೊಡ್ಡ ಉಪಕಾರ ಯೋಚನೆ ಮಾಡಿ.

ಹಿರಿಯ: ಉಪಕಾರವೇ. ಆದ್ರೆ ಯುವಿ-5ಆರ್‌ನಲ್ಲಿ ಚಾನಲ್ಲಿನ ಹೆಸರನ್ನ ಗುಂಡಿ ಒತ್ತಿ ಬರೆಯೋಕೇ ಆಗಲ್ಲ, ಕಂಪ್ಯೂಟರೇ ಬೇಕು. ಬೇರೆ ಊರಿಗೆ ಹೋಗಿದೀಯ, ನಮ್ಮ ದನಿ ಹಿಡಿದು ದೂರಕ್ಕೆ ಮತ್ತೆ ಕಳಿಸೋ ರಿಪೀಟರ್ ಅಲ್ಲಿ ಬೇರೆ, ಅದನ್ನ ತೆರೆಯೋ ಟೋನ್ ಬೇರೆ. ಲ್ಯಾಪ್‌ಟಾಪ್ ಮನೇಲಿದೆ. ಏನ್ ಮಾಡ್ತೀಯ?

ಕಿರಿಯ: ಹೆಸರಿಲ್ಲದಿದ್ರೂ ಕೆಲಸ ನಡೆಯುತ್ತೆ. ಫ್ರೀಕ್ವೆನ್ಸಿ ಒತ್ತಿ, ಕೇಳೋದಕ್ಕೂ ಕಳಿಸೋದಕ್ಕೂ ನಡುವಿನ ಶಿಫ್ಟ್ ಕೊಟ್ಟು, ಟೋನ್ ಕೊಟ್ಟು…

ಹಿರಿಯ: ಯಾವ ಮೆನುವಲ್ಲಿ? ಈಗ ಹೇಳು ನೋಡೋಣ, ಸೆಟ್ಟು ನೋಡದೆ.

ಕಿರಿಯ: ಟೋನ್ 13. ಶಿಫ್ಟ್… ನೋಡಿ ಹೇಳಬೇಕು ಮಾವ.

ಹಿರಿಯ: ನಿನ್ನನ್ನ ಸಿಗಿಸಬೇಕು ಅಂತ ಕೇಳಲಿಲ್ಲ. ಶಿಫ್ಟಿನ ದಿಕ್ಕು 25, ಎಷ್ಟು ಅನ್ನೋದು 26, ಚಾನಲ್ಲಿಗೆ ಸೇರಿಸೋದು 27. ಎರಡು ಸಲ ಸೇರಿಸಬೇಕು, ಕೇಳೋದನ್ನ ಮೊದಲು, ಆಮೇಲೆ ಕಳಿಸೋದನ್ನ. ನಿನ್ನ ಸೆಟ್ಟಿನ ಮೆನು ನಾನು ಕಲ್ತಿದೀನಿ. ಕಂಪ್ಯೂಟರಲ್ಲಿ ಮಾಡಿದ್ದನ್ನ ಕೈ ಕಲಿಯಲ್ಲ. ಬ್ಯಾಟರಿ ಸತ್ತ ಸೆಟ್ಟಿಗೆ ಬ್ಯಾಟರಿ ಹಾಕಬಹುದು. ಹೊಂದಿಸೋಕೆ ಬಾರದೋನ ಕೈಯಲ್ಲಿ ಒಳ್ಳೆ ಸೆಟ್ಟಿದ್ದೂ ಉಪಯೋಗ ಇಲ್ಲ.

ಈ ಜಾಗದಲ್ಲಿ ನಡುವೆ ಬಾಯಿ ಹಾಕದೆ ಇರಲಾರೆ. ಗಟ್ಟಿತನದ ಚರ್ಚೆಯೆಲ್ಲ ಸಾಮಾನ್ಯವಾಗಿ ಪ್ಲಾಸ್ಟಿಕ್ಕು, ರಬ್ಬರು, ನೀರು ಎಂಬಲ್ಲಿಗೆ ನಿಲ್ಲುತ್ತದೆ. ಹಿರಿಯರ ಮಾತು ಅದನ್ನು ಬೇರೆ ಕಡೆಗೆ ಎಳೆಯಿತು, ಅವರು ಎಳೆದ ಕಡೆ ಸರಿ ಎಂದೇ ನನಗೆ ಅನ್ನಿಸುತ್ತದೆ. ಆದರೆ ಕಿರಿಯನ ಫೈಲಿನಲ್ಲಿ ಇನ್ನೊಂದು ಬಗೆಯ ಬಾಳಿಕೆ ಇದೆ. ಕೈ ಕಲಿತದ್ದು ಆ ಕೈಯ ಜೊತೆಗೇ ಹೋಗುತ್ತದೆ, ಫೈಲು ಇನ್ನೊಬ್ಬರಿಗೆ ದಾಟುತ್ತದೆ. ಮುಂದೆ ಅವನು ಹೇಳಿದ್ದು ಆ ಫೈಲಿನ ಇನ್ನೊಂದು ಉಪಯೋಗ.

ಕಿರಿಯ: ಗುಂಡಿಯಲ್ಲಿ ಮಾಡಲಾಗದ್ದನ್ನ ನಾನೂ ಒಂದು ಹೇಳ್ತೀನಿ. ಈ ಸೆಟ್ಟುಗಳು 136ರಿಂದ 174, 400ರಿಂದ 520 ಮೆಗಾಹರ್ಟ್ಸ್ ತನಕ ಎಲ್ಲೆಂದರಲ್ಲಿ ಟ್ರಾನ್ಸ್‌ಮಿಟ್ ಮಾಡ್ತವೆ. ನಮಗೆ ಇರೋದು ವಿಎಚ್‌ಎಫ್‌ನಲ್ಲಿ 144ರಿಂದ 146, ಯುಎಚ್‌ಎಫ್‌ನಲ್ಲಿ 434ರಿಂದ 438. ಒಂದು ಅಂಕಿ ತಪ್ಪಿ ಒತ್ತಿದ್ರೆ ಬೇರೆಯವರ ಚಾನಲ್ಲಲ್ಲಿ ಮಾತಾಡಿರ್ತೀವಿ. ನಿಮ್ಮ ಹಳೇ ಇಲಾಖೆಯದೂ ಆಗಿರಬಹುದು. ಚಿರ್ಪ್‌ನಲ್ಲಿ ಬ್ಯಾಂಡಿನ ಮಿತಿ ಕಟ್ಟಿಹಾಕಬಹುದು. ಬರೀ ಕೇಳೋಕೆ ಇಟ್ಟ ಚಾನಲ್ಲಿಗೆ ಡುಪ್ಲೆಕ್ಸ್ ಜಾಗದಲ್ಲಿ ಆಫ್ ಅಂತ ಕೊಟ್ರೆ ಪಿಟಿಟಿ ಒತ್ತಿದ್ರೂ ಸೆಟ್ಟು ಬಾಯಿ ಬಿಡಲ್ಲ. ಈ ಬೀಗ ನಿಮ್ಮ ಬೆರಳಿಗೆ ಸಿಗಲ್ಲ.

ಹಿರಿಯ: ಇದು ಬಹಳ ಒಳ್ಳೆ ಮಾತು. ಹೊಸಬರ ಕೈಗೆ ಸೆಟ್ಟು ಕೊಡೋ ಮುಂಚೆ ಈ ಬೀಗ ಹಾಕಲೇಬೇಕು.

ಕಿರಿಯ: ಇನ್ನೊಂದು ಇದೆ. 2025ರ ಜುಲೈನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹ್ಯಾಮ್ ರೇಡಿಯೊದಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದ್ರಲ್ಲ, ಆ ನಿಲ್ದಾಣದಲ್ಲಿ ಹ್ಯಾಮ್‌ಗಳಿಗೆ ಅಂತಲೇ ಒಂದು ರಿಪೀಟರ್ ಇದೆ. 145.990ರಲ್ಲಿ 67 ಹರ್ಟ್ಸ್ ಟೋನ್ ಕೊಟ್ಟು ಮಾತಾಡಬೇಕು, 437.800ರಲ್ಲಿ ಕೇಳಬೇಕು. ಎರಡು ಬ್ಯಾಂಡಿನ ಸೆಟ್ಟು ಯಾಕೆ ಬೇಕು ಅಂದ್ರೆ ಇದಕ್ಕೆ. ನಿಲ್ದಾಣ ನಮ್ಮ ಕಡೆ ಬರೋವಾಗ ಡಾಪ್ಲರ್ ಪರಿಣಾಮದಿಂದ ಅದರ ದನಿ 10 ಕಿಲೋಹರ್ಟ್ಸ್ ಮೇಲೆ ಕೇಳುತ್ತೆ, ದಾಟಿ ಹೋಗೋವಾಗ ಅಷ್ಟೇ ಕೆಳಗೆ. ಅದಕ್ಕೆ ಐದು ಚಾನಲ್ ಸಾಲಾಗಿ ತುಂಬ್ತೀನಿ. ಕೇಳೋದು 437.810, 805, 800, 795, 790. ಕಳಿಸೋದು ಐದರಲ್ಲೂ 145.990. ಕೆಲವೇ ನಿಮಿಷದಲ್ಲಿ ಅದು ತಲೆಯ ಮೇಲಿಂದ ಹೋಗಿರುತ್ತೆ. ಒಂದೊಂದೇ ಚಾನಲ್ ಇಳಿಸ್ತಾ ಹೋಗಬೇಕು. ಆಗ ಮೆನು ಹುಡುಕ್ತಾ ಕೂರೋಕಾಗುತ್ತಾ?

ಹಿರಿಯ: ಆಗಲ್ಲ. ಅದಕ್ಕೆ ಮೊದಲೇ ತುಂಬಿಟ್ಕೋಬೇಕು, ನಿನ್ನ ದಾರಿಯೇ ಸರಿ. ಒಂದು ಕೇಳ್ತೀನಿ. ಆ ಫೈಲು ಇರೋ ಕಂಪ್ಯೂಟರ್ ಕೆಟ್ರೆ?

ಕಿರಿಯ: ಪೆನ್‌ಡ್ರೈವಲ್ಲಿ ಇನ್ನೊಂದು ಇರುತ್ತೆ. ಹೊಸ ಸೆಟ್ಟು ಬಂದ ತಕ್ಷಣ ಮೊದಲು ಅದರೊಳಗಿರೋದನ್ನ ಓದಿ ಎತ್ತಿಟ್ಕೊಂಡು, ಆಮೇಲೆ ತಿದ್ದೋದು. ಜನಕ್ಕೆ ತಲೆನೋವಾಗೋದು ಕೇಬಲ್ಲು. ಅಗ್ಗದ ಕೇಬಲ್ಲಲ್ಲಿ ಪ್ರೊಲಿಫಿಕ್ ಚಿಪ್ಪಿನ ನಕಲಿ ಇರುತ್ತೆ, ಹೊಸ ವಿಂಡೋಸ್ ಡ್ರೈವರ್ ಅದನ್ನ ಒಪ್ಪಲ್ಲ. ಸೆಟ್ಟೇ ಕೆಟ್ಟಿದೆ ಅಂದ್ಕೊಂಡು ಮೂಲೆಗೆ ಹಾಕ್ತಾರೆ. ಎಫ್‌ಟಿಡಿಐ ಚಿಪ್ ಇರೋ ಕೇಬಲ್ ತಗೊಂಡು, ಪಿನ್ನು ಟಕ್ ಅನ್ನೋ ತನಕ ಒತ್ತಿ, ಸೆಟ್ಟಿನ ವಾಲ್ಯೂಮ್ ಏರಿಸಿಟ್ರೆ ಮುಕ್ಕಾಲು ತೊಂದರೆ ಅಲ್ಲೇ ಮುಗೀತು.

ಹಿರಿಯ: ನಾನಾದ್ರೆ ಇನ್ನೊಂದು ಪ್ರತಿ ಕಾಗದದಲ್ಲಿ ಇಡ್ತೀನಿ. ಫ್ರೀಕ್ವೆನ್ಸಿ, ಶಿಫ್ಟು, ಟೋನು, ಹೆಸರು, ನಾಲ್ಕು ಕಾಲಮ್ಮು. ಲ್ಯಾಮಿನೇಶನ್ ಮಾಡಿಸಿ ಬ್ಯಾಗಲ್ಲಿ ಹಾಕು.

ಕಿರಿಯ: ಅದನ್ನ ಮಾಡ್ತೀನಿ. ಆದ್ರೆ ಇಷ್ಟೆಲ್ಲ ಮಾಡಿ ಇಲ್ಲಿಂದ ಎಲ್ಲಿಗೆ ಮಾತು ಹೋಗುತ್ತೆ? ದುಬಾರಿ ಸೆಟ್ಟಿಗೂ ಐದೇ ವಾಟು, ನನ್ನದಕ್ಕೂ ಅಷ್ಟೇ.

ಹಿರಿಯ: ವಾಟಿಗಿಂತ ಎತ್ತರ ದೊಡ್ಡದು. ಆಂಟೆನಾ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನ ನಾಲ್ಕರಿಂದ ಗುಣಿಸು, ಹೆಚ್ಚುಕಮ್ಮಿ ಅಷ್ಟು ಕಿಲೋಮೀಟರಿಗೆ ಭೂಮಿ ಬಾಗಿ ಮರೆಯಾಗುತ್ತೆ. ಒಂದೂವರೆ ಮೀಟರ್ ಎತ್ತರದಲ್ಲಿ ಕೈಯಲ್ಲಿ ಹಿಡಿದ್ರೆ 5 ಕಿಲೋಮೀಟರು. ಇಬ್ಬರೂ ಹಾಗೇ ನಿಂತ್ರೆ 10, ಅದೂ ಬಟಾಬಯಲಲ್ಲಿ. ತೆಂಗಿನ ತೋಟದೊಳಗೆ ಇನ್ನೂ ಕಮ್ಮಿ, ಹಸಿರು ಗರಿ ಯುಎಚ್‌ಎಫ್‌ನ ನುಂಗುತ್ತೆ. ಅದೇ ತೆಂಗಿನ ಮರದ ಮೇಲೆ 15 ಮೀಟರಿಗೆ ಆಂಟೆನಾ ಏರಿಸು, ಅದೊಂದಕ್ಕೇ 16 ಬಂತು. ಕೆಳಗೆ ಇಳಿಸೋ ಕೇಬಲ್ ತೆಳು ಇರಬಾರದು ಅಷ್ಟೇ, ಇದ್ರೆ ಯುಎಚ್‌ಎಫ್ ಪವರಿನ ಅರ್ಧಕ್ಕೂ ಹೆಚ್ಚು ದಾರಿಯಲ್ಲೇ ಹೋಗುತ್ತೆ. ಮುಳ್ಳಯ್ಯನಗಿರಿ 1,930 ಮೀಟರು. ನಮ್ಮ ಬಯಲಿಗಿಂತ ಸಾವಿರ ಮೀಟರಿಗೂ ಮೇಲಿದೆ. ಅಲ್ಲಿ ನಿಂತೋನಿಗೆ 120 ಕಿಲೋಮೀಟರ್ ದಾಟಿ ದಾರಿ ತೆರೆದಿರುತ್ತೆ. ಆಗ ಅವನ ಕೈಯಲ್ಲಿ ಯಾವ ಕಂಪನಿಯ ಸೆಟ್ಟಿದೆ ಅನ್ನೋದು ಹಿಂದೆ ಬೀಳುತ್ತೆ.

ಕಿರಿಯ: ನೀವೇ ಹೇಳಿದ್ರಿ ನೋಡಿ! ಹಾಗಾದ್ರೆ ಸೆಟ್ಟಿಗೆ ಕಮ್ಮಿ ಕೊಟ್ಟು ಆಂಟೆನಾಕ್ಕೆ ಹೆಚ್ಚು ಹಾಕೋದೇ ಜಾಣತನ.

ಹಿರಿಯ: ಆಂಟೆನಾಕ್ಕೆ ದುಡ್ಡೇ ಬೇಡ. 49 ಸೆಂಟಿಮೀಟರ್ ವೈರ್ ಕತ್ತರಿಸಿ ಸೆಟ್ಟಿನ ಆಂಟೆನಾ ಬುಡದ ಹೊರ ಲೋಹಕ್ಕೆ ತಾಗೋ ಹಾಗೆ ಕಟ್ಟಿ ಇಳಿಬಿಡು. 145ರಲ್ಲಿ ಫರಕು ಕಿವಿಗೇ ಗೊತ್ತಾಗುತ್ತೆ. 145ರ ಮೂರರಷ್ಟು 435. ಅದಕ್ಕೇ ಅದೇ ಅಳತೆಯ ಕಡ್ಡಿ ಎರಡು ಬ್ಯಾಂಡಿಗೂ ಆಗುತ್ತೆ. ಸೆಟ್ಟಿಗೆ ಕಮ್ಮಿ ಕೊಡು ಅಂತ ಮಾತ್ರ ನಾನು ಹೇಳಲ್ಲ. ಕಡೇವರೆಗೂ ಹೇಳಲ್ಲ.

ಕಿರಿಯ: ಇರಲಿ. ಒಂದು ಆಸೆ ಇದೆ. ತೋಟದಲ್ಲಿ ಒಂದು, ಮನೇಲಿ ಒಂದು ಸೆಟ್ಟು ಇಟ್ರೆ ಕಾಯಿ ಲೋಡು, ಮೋಟಾರು, ಕೂಲಿಯವರು, ಎಲ್ಲಕ್ಕೂ ಅನುಕೂಲ.

ಹಿರಿಯ: ಅದು ಮಾತ್ರ ಕೂಡದು. ಹ್ಯಾಮ್ ಬ್ಯಾಂಡು ಕಲಿಯೋಕೆ, ಪ್ರಯೋಗಕ್ಕೆ, ಇನ್ನೊಬ್ಬ ಹ್ಯಾಮ್ ಜೊತೆ ಮಾತಿಗೆ, ಆಪತ್ತಿಗೆ. ವ್ಯಾಪಾರದ ಒಂದು ಮಾತೂ ಅದರಲ್ಲಿ ಬರಬಾರದು. ಪರವಾನಗಿ ಇಲ್ಲದ ನಿನ್ನ ಅಣ್ಣ ತೋಟದಲ್ಲಿ ಅದನ್ನ ಒತ್ತಲೂಬಾರದು.

ಕಿರಿಯ: ಅದಕ್ಕೆ 446 ಮೆಗಾಹರ್ಟ್ಸಿನ ಸಣ್ಣ ಸೆಟ್ಟು ಇದೆಯಲ್ಲ. 2018ರ ನಿಯಮದಲ್ಲಿ ಕಡಿಮೆ ಪವರಿನವಕ್ಕೆ ಲೈಸೆನ್ಸ್ ಬೇಡ ಅಂತಾಗಿದೆ. ತೋಟಕ್ಕೆ ಅದನ್ನ ತರ್ತೀನಿ, ಹ್ಯಾಮ್ ಸೆಟ್ಟನ್ನ ಹ್ಯಾಮ್‌ಗೇ ಇಡ್ತೀನಿ.

ಹಿರಿಯ: ಹಾಗೆ ಮಾಡು. ಮಾರೋರಂತೂ ಎಲ್ಲವನ್ನೂ ವಾಕಿಟಾಕಿ ಅಂತ ಒಂದೇ ಹೆಸರಲ್ಲಿ ಮಾರಿದ್ರು. 2025ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟಿದ್ದು ಅದಕ್ಕೇ. ಯಾವ ಫ್ರೀಕ್ವೆನ್ಸಿ, ಲೈಸೆನ್ಸ್ ಬೇಕೋ ಬೇಡವೋ ಒಂದನ್ನೂ ಹೇಳದೆ ಮಾರಿದ್ರು ಅಂತ. ತಗೊಂಡೋನಿಗೆ ಗೊತ್ತಿಲ್ಲ, ಕಾನೂನು ಅವನನ್ನ ಬಿಡಲ್ಲ.

ಕಿರಿಯ: ಪರೀಕ್ಷೆ ಆಗಲಿ ಮಾವ. ಪರವಾನಗಿ ಬಂದ ಮೇಲೆ ನಾನು ತರೋದು ಚೀನಾದ್ದೇ. ಬೀಗ ಹಾಕಿ, ಕಾಗದ ಬರೆದು ಇಡ್ತೀನಿ. ನಿಮ್ಮದಕ್ಕಿಂತ ಮುಂಚೆ ಅದು ಸತ್ರೆ ಆಮೇಲೆ ಮಾತಾಡೋಣ.

ಹಿರಿಯ: ಸರಿ. ನನ್ನ ಪೆನ್‌ಸೆಲ್ ಕೇಸು ಮಾತ್ರ ಎತ್ತಿಟ್ಟಿರ್ತೀನಿ.

ಯಾವ ಸೆಟ್ಟು ಎಂಬುದನ್ನು ಓದುಗರು ತಮ್ಮ ಕಿಸೆ ನೋಡಿಕೊಂಡು ತೀರ್ಮಾನಿಸಲಿ. ಪರವಾನಗಿಯ ವಿಷಯದಲ್ಲಿ ಮಾತ್ರ ಎರಡು ಪಕ್ಷ ಇಲ್ಲ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಬೇಕಿಲ್ಲ, ರೇಡಿಯೊ ಸಿದ್ಧಾಂತ ಮತ್ತು ನಿಯಮಗಳು ಗೊತ್ತಿದ್ದರೆ ಸಾಕು. ಕೇಂದ್ರ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬೇಕು. ಸೆಟ್ಟಿಗೆ ಆರ್ಡರ್ ಕೊಡುವ ಮುಂಚೆ ಆ ಅರ್ಜಿ ಹಾಕಿ.